ಮಂಗಳವಾಗದ ಕಾದಂಬರಿ

ವಿದ್ಯೆಯ ಅಧಿದೇವತೆಯನ್ನು ನೆನೆದಾಗ ಕೆಲವರಿಗೆ ಮಲ್ಲಿಗೆಯ ಪರಿಮಳ ಬರುತ್ತದಂತೆ, ಭಾಗ್ಯವಂತರು. ನನಗೆ ಬರುವುದು ಕೊಬ್ಬರಿಯ ವಾಸನೆ. ಅದೂ ಅಡಿಗೆಮನೆಯ ಹಸನಾದ ಕೊಬ್ಬರಿಯದಲ್ಲ. ಗೋಣಿಯಲ್ಲಿ ತುಂಬಿ, ಮಳೆಗಾಲದ ತೇವ ಹಿಡಿದು, ಸ್ವಲ್ಪ ಮುಗ್ಗಿದ ಕೊಬ್ಬರಿಯದು.

ಹೋದ ತಿಂಗಳು ಅರಸೀಕೆರೆ ಸ್ಟೇಷನ್ನಿನಲ್ಲಿ ಆ ವಾಸನೆ ಮತ್ತೆ ಮೂಗಿಗೆ ಬಡಿಯಿತು. ಯುದ್ಧದ ಕಾಲ, ಸಿಪಾಯಿಗಳ ಗಾಡಿ ಮುಂದೆ, ಮೇಷ್ಟ್ರುಗಳ ಗಾಡಿ ಹಿಂದೆ. ಎಲ್ಲಿ ತಪ್ಪಿಹೋಗುತ್ತದೋ ಎಂದು ನಾನು ಕಾಫಿಯನ್ನೂ ಕುಡಿಯದೆ ಬೆಳಕು ಹರಿಯುವ ಮೊದಲೇ ಬಂದು ಕೂತಿದ್ದೆ. ಗಾಡಿ ತಪ್ಪಲಿಲ್ಲ, ಬರಲೇ ಇಲ್ಲ. ಸಾಮಾನು ಇಳಿಸುವ ಕಡೆಯಲ್ಲಿ ಕೊಬ್ಬರಿ ಮೂಟೆಗಳು ಸಾಲಾಗಿ ಬಿದ್ದಿದ್ದವು. ತುಂತುರು ಮಳೆಯ ಜೊತೆಗೆ ಒಂದು ಗಾಳಿ ಆ ಕಡೆಯಿಂದ ಬೀಸಿತು. ನನ್ನ ಎದೆಯೊಳಗೆ ಏನೋ ಹಿಂಡಿದ ಹಾಗಾಯಿತು. ನಲವತ್ತೈದು ದಾಟಿದವನಿಗೆ ಎದೆಯಲ್ಲಿ ಏನಾದರೂ ಮೊದಲು ಕಾಯಿಲೆಯೆಂದೇ ಅನ್ನಿಸುತ್ತದೆ. ಎಡಗೈಯನ್ನು ಮುಟ್ಟಿ ನೋಡಿಕೊಂಡೆ. ಕಾಯಿಲೆಯಲ್ಲ, ಹಳೇಬೀಡು.

ಇಪ್ಪತ್ತು ವರ್ಷಕ್ಕೂ ಹಿಂದೆ, ಮೀಸೆ ಇನ್ನೂ ಸರಿಯಾಗಿ ಕೂಡಿಕೊಳ್ಳದ ವಯಸ್ಸಿನಲ್ಲಿ, ಹಳೇಬೀಡಿನ ಸ್ಕೂಲಿಗೆ ನನ್ನನ್ನು ಹಾಕಿದರು. ಕೆರೆಯ ದಾರಿಯಲ್ಲಿ ವೆಂಕಜ್ಜಿಯ ಮನೆಯ ಮುಂಗೋಣೆ ಬಾಡಿಗೆಗೆ ಸಿಕ್ಕಿತು. ಹೋದ ದಿನವೇ ನಾನು ಮೂರು ವಿಚಾರ ಕೇಳಿ ತಿಳಿದುಕೊಂಡೆ: ಕೆರೆ ಏರಿ ಎಂದಾದರೂ ಒಡೆದಿತ್ತೇ, ಸೂರಿನಲ್ಲಿ ಹಾವು ಉಂಟೇ, ಇನ್‌ಸ್ಪೆಕ್ಟರು ಯಾವ ತಿಂಗಳು ಬರುತ್ತಾರೆ. "ಮೂರೂ ಹೇಳಿ ಕಳಿಸಿ ಬರೋದಲ್ಲ, ಮೇಷ್ಟ್ರೇ. ಊಟ ಮಾಡಿ" ಎಂದರು ವೆಂಕಜ್ಜಿ.

ಅವರ ಯಜಮಾನರು ಬೇಲೂರು ದೇವಸ್ಥಾನದಲ್ಲಿ ಆಯುಷ್ಯವೆಲ್ಲ ಪುರಾಣ ಓದಿ ಹೇಳಿದವರು. ಅವರು ತೀರಿಕೊಂಡ ಮೇಲೆ ಅಜ್ಜಿ, ಅವರು ಗ್ರಂಥ ಇಟ್ಟು ಓದುತ್ತಿದ್ದ ವ್ಯಾಸಪೀಠವೊಂದನ್ನು ಸೊಂಟಕ್ಕೆ ಒತ್ತಿಕೊಂಡು ಹಳೇಬೀಡಿನ ಮಗನ ಮನೆಗೆ ಬಂದಿದ್ದರು. ಮಗ ಶಾಮಣ್ಣ, ಊರ ಶ್ಯಾನುಭೋಗರು, ಹೆಂಡತಿ ಇಲ್ಲದವರು, ಮಾತು ಕಡಿಮೆ. ಅವರಿಗೆ ಒಬ್ಬಳೇ ಮಗಳು, ನಾಗಲಕ್ಷ್ಮಿ. ಹನ್ನೊಂದು ತುಂಬಿದ ನಾಗು ನಮ್ಮ ಸ್ಕೂಲಿನಲ್ಲಿ ಕಲಿಯುವುದನ್ನೆಲ್ಲ ಕಲಿತು ಮುಗಿಸಿದ್ದಳು. ನನಗೆ ಬರುತ್ತಿದ್ದಷ್ಟನ್ನು ಮುಗಿಸುವುದಕ್ಕೆ ಬಹಳ ಕಾಲವೇನೂ ಹಿಡಿಯಲಿಲ್ಲ. ಮುಂದೆ ಓದಬೇಕಾದರೆ ಬೇಲೂರು. ಅಲ್ಲಿ ಸೋದರತ್ತೆಯ ಮನೆ ಇತ್ತು. ದಸರಾ ರಜ ಕಳೆದ ಮೇಲೆ ಸೇರಿಸಿಕೊಳ್ಳುತ್ತೇವೆ ಎಂದು ಅಲ್ಲಿನ ಸ್ಕೂಲಿನವರೂ ಒಪ್ಪಿದ್ದರು. ಆದರೆ ಗೆಂಡೆಹಳ್ಳಿಯಿಂದ ಒಂದು ಜಾತಕವೂ ಬಂದು ದೇವರ ಗೂಡಿನಲ್ಲಿ ಕೂತಿತ್ತು. ಸ್ಕೂಲೋ, ಜಾತಕವೋ? ಕೇಳಿದಾಗಲೆಲ್ಲ ಶಾಮಣ್ಣನವರು "ನೋಡೋಣ" ಎನ್ನುತ್ತಿದ್ದರು. ಆ 'ನೋಡೋಣ' ಎಂಬುದು ಆ ಊರ ದೇವಸ್ಥಾನದ ಗೋಡೆಯ ಕಲ್ಲಾನೆಗಳ ಹಾಗೆ. ನಡೆಯುತ್ತಿರುವಂತೆಯೇ ಕಾಣುತ್ತದೆ, ಇದ್ದಲ್ಲೇ ಇರುತ್ತದೆ.

ಆ ಮನೆಯ ಜಗಲಿಯಲ್ಲಿ ಚಾತುರ್ಮಾಸ್ಯದ ಮಧ್ಯಾಹ್ನಗಳಲ್ಲಿ ಪುರಾಣ ಓದಿಸುವುದು ವಾಡಿಕೆ. ಆ ವರ್ಷ ಓದುವವರು ಕಣ್ಣು ಮಂಜಾಗಿ ಜಾವಗಲ್ಲಿನ ಮಗನ ಮನೆ ಸೇರಿದ್ದರಿಂದ ಅಜ್ಜಿ ನನ್ನನ್ನು ಹಿಡಿದರು. ನನಗೆ ರಾಗ ಬಾರದು. ಪದ್ಯ ಓದಿದರೆ ಹಾಜರಿ ಕೂಗಿದ ಹಾಗಿರುತ್ತದೆ. ಗದ್ಯವಾದರೆ ಸ್ಕೂಲು ಬಿಟ್ಟ ಮೇಲೆ ಬಂದು ಓದುತ್ತೇನೆಂದು ಹೇಳಿ, ಅರಸೀಕೆರೆಯ ಸಹಪಾಠಿ ರುದ್ರಪ್ಪನಿಂದ ಒಂದು ಕಾದಂಬರಿ ತರಿಸಿಕೊಂಡೆ. ಅವರದು ಕೊಬ್ಬರಿ ಮಂಡಿ. ಅಪ್ಪನ ಕಣ್ಣಿಗೆ ಬೀಳದಂತೆ ಅವನು ತನ್ನ ಕಾದಂಬರಿಗಳನ್ನೆಲ್ಲ ಮೂಟೆಗಳ ಸಂದಿನಲ್ಲಿ ಇಡುತ್ತಿದ್ದ.

ವೆಂಕಜ್ಜಿ ಪುಸ್ತಕವನ್ನು ಎರಡು ಕೈಯಲ್ಲಿ ತೆಗೆದುಕೊಂಡು ಮೂಸಿದರು. "ನೈವೇದ್ಯ ಮೊದಲೇ ಆಗಿಬಿಟ್ಟಿದೆ. ಇದರಲ್ಲಿ ದೇವರು ಇದ್ದಾನೇನಪ್ಪಾ?"

"ಕೊನೆಯಲ್ಲಿ ಬರಬಹುದು ಅಜ್ಜಿ" ಎಂದೆ. ಕೊನೆಯನ್ನು ನಾನೂ ನೋಡಿರಲಿಲ್ಲ. ಪ್ರಪಂಚದ ಎಲ್ಲದರ ಕೊನೆಯನ್ನೂ ಮೊದಲೇ ಊಹಿಸಿ ಬೆವರುವ ನಾನು, ನೋಡಬೇಕಾಗಿದ್ದ ಒಂದೇ ಒಂದು ಕೊನೆಯನ್ನು ನೋಡದೆ ಬಿಟ್ಟಿದ್ದೆ.

ಆಗಿನ ಕಾದಂಬರಿಗಳಲ್ಲಿ ಓದಿದವರಿಗೆ ಎರಡೇ ಗತಿ. ಗಂಡಾದರೆ ಪಟ್ಟಣ ಸೇರಿ, ಬೂಟು ಹಾಕಿ, ಬಾಗಿಲಿಗೆ ಬಂದ ಅಪ್ಪನನ್ನು ಯಾರೋ ಒಕ್ಕಲಿನವನು ಎನ್ನುತ್ತಾನೆ. ಹೆಣ್ಣಾದರೆ ಬಾವಿ. ಇಂಥವನ್ನು ನಾನು ಕಣ್ಣೀರು ಸುರಿಸಿ ಓದಿ, ಮಾರನೆಯ ಬೆಳಿಗ್ಗೆ ಎದ್ದು ಹೋಗಿ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದೆ. ಎರಡಕ್ಕೂ ಸಂಬಂಧ ಉಂಟೆಂದು ಹೊಳೆದಿರಲಿಲ್ಲ.

ರುದ್ರಪ್ಪನ ಪುಸ್ತಕ ಹಾಗಿರಲಿಲ್ಲ, ಮೊದಮೊದಲಂತೂ. ಅದರಲ್ಲಿ ವಿಮಲೆ ಎಂಬ ಹುಡುಗಿ. ಅಪ್ಪನ ತೊಡೆಯ ಮೇಲೆ ಕೂತು ಅಕ್ಷರ ಕಲಿತವಳು. ಅಪ್ಪ ಸತ್ತ ಮೇಲೆ ಸೋದರಮಾವ ಅವಳ ಅಣ್ಣನಿಂದ ಸುಳ್ಳು ಪತ್ರಕ್ಕೆ ರುಜು ಹಾಕಿಸಲು ಬರುತ್ತಾನೆ. ಅವಳು ಅದನ್ನು ಕಿತ್ತುಕೊಂಡು ಎಲ್ಲರೆದುರಿಗೆ ಗಟ್ಟಿಯಾಗಿ ಓದಿಬಿಡುತ್ತಾಳೆ. ಆ ದಿನ ಜಗಲಿಯ ಹೆಂಗಸರು ಬತ್ತಿ ಹೊಸೆಯುವುದನ್ನು ಮರೆತರು.

ಎಲ್ಲರಿಗಿಂತ ದೊಡ್ಡ ಕೇಳುಗ ಚೆನ್ನೇಗೌಡ. ಅಜ್ಜಿಯ ಮನೆಗೆ ತರಕಾರಿ ಕೊಡಲು ಬಂದವನು ಜಗಲಿಯ ಕೆಳಗಿನ ಕಲ್ಲಿನ ಮೇಲೆ, ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು, ಸೂರಿನ ನೀರು ಮಂಡಿಯ ಮೇಲೆ ತೊಟ್ಟಿಕ್ಕುತ್ತಿದ್ದರೂ ಕೂತುಬಿಡುತ್ತಿದ್ದ. ಮೇಲೆ ಕೂರೆಂದು ಯಾರೂ ಹೇಳಲಿಲ್ಲ; ಆಗ ಯಾರಿಗೂ ಹೇಳಬೇಕೆನ್ನಿಸಲಿಲ್ಲ. ಕಥೆಯವರೊಂದಿಗೆ ಅವನು ನೇರವಾಗಿಯೇ ಮಾತಾಡುತ್ತಿದ್ದ. "ಏನ್ಲಾ, ಆ ಮಾವನ್ನ ಮನೆ ಒಳೀಕೆ ಬಿಡಬ್ಯಾಡ ಅಂತ ಆವತ್ತೇ ಬಡ್ಕಂಡೆ!" ಎಂದು ವಿಮಲೆಯ ಅಣ್ಣನನ್ನು ಬೈಯುವನು. ನಡುವೆ ಎದ್ದು ಹೋಗಬೇಕಾದರೆ, "ಒಸಿ ನಿಲ್ಸಿ ಸ್ವಾಮಿ, ದನ ಕಟ್ಟಿ ಬತ್ತೀನಿ. ಅಲ್ಲೀಗಂಟ ಆಯಮ್ಮ ಅಲ್ಲೇ ನಿಂತಿರ್ಲಿ" ಎನ್ನುವನು. ವಿಮಲೆ ನಿಂತಿರುತ್ತಿದ್ದಳು.

ಒಂದು ದಿನ ಅವನು ಕೇಳಿದ: "ಅಲ್ಲಾ ಸ್ವಾಮಿ, ಓದಿದ್ರೆ ಏನಾಗ್ತೈತೆ?"

ನಾನು ಗಂಟಲು ಸರಿಮಾಡಿಕೊಂಡು ಜ್ಞಾನ, ಸಂಸ್ಕಾರ, ದೇಶದ ಏಳಿಗೆ ಎಂದು ಇನ್‌ಸ್ಪೆಕ್ಟರ ಎದುರು ಒಪ್ಪಿಸುವುದನ್ನು ಒಪ್ಪಿಸಿದೆ. ಅವನು ಮರ್ಯಾದೆಯಿಂದ ಆಕಳಿಸಿದ. ಕಂಬಕ್ಕೆ ಒರಗಿ ಕೂತಿದ್ದ ನಾಗು, "ಮುಂದಿನ ಪುಟದಲ್ಲಿ ಏನಿದೆ ಅಂತ ಇನ್ನೊಬ್ಬರ ಬಾಯಿ ನೋಡಬೇಕಾಗಿಲ್ಲ, ಗೌಡ್ರೇ" ಎಂದಳು.

"ಹಂಗನ್ನು ಮತ್ತೆ!" ಎಂದ ಅವನು.

ಶ್ರಾವಣದ ಮಳೆ ಬಿಡದೆ ಹಿಡಿಯಿತು. ನನಗೆ ಕೆಮ್ಮು ಹತ್ತಿ ದನಿ ಬಿದ್ದುಹೋಯಿತು. ಕ್ಷಯವೇ ಸರಿ ಎಂದು ತೀರ್ಮಾನಿಸಿ, ನನ್ನ ಟ್ರಂಕು ಯಾರಿಗೆ ಸೇರಬೇಕೆಂದು ಯೋಚಿಸುತ್ತ ಮಲಗಿದ್ದೆ. ವೆಂಕಜ್ಜಿ ಮೆಣಸಿನ ಕಷಾಯ ತಂದು ತಲೆದಿಂಬಿನ ಹತ್ತಿರ ಇಟ್ಟರು. "ಕ್ಷಯ ಅಲ್ಲ ಮೇಷ್ಟ್ರೇ, ನೆಗಡಿ. ನೆಗಡಿಗೆ ಅಷ್ಟೊಂದು ಮರ್ಯಾದೆ ಕೊಡಬೇಡಿ." ಹೊರಗೆ ಹೋಗಿ, "ನಾಗೂ, ಕೂತ್ಕೊಳ್ಳೇ ಪೀಠದ ಮುಂದೆ" ಎಂದರು.

ಗಂಡಸರೂ ಕೂತ ಜಗಲಿಯಲ್ಲಿ ಹೆಣ್ಣುಮಗಳು ಪೀಠದ ಮುಂದೆ ಕೂತು ಓದುವುದು ಆ ಬೀದಿಯಲ್ಲಿ ಯಾರೂ ಕಂಡಿದ್ದಲ್ಲ. ನಾನು ಕಂಬಳಿ ಹೊದ್ದು ಕಿಟಕಿಯಿಂದ ಕೇಳಿದೆ. ಅವಳು ನನ್ನ ಹಾಗೆ ದನಿ ನಡುಗಿಸುತ್ತಿರಲಿಲ್ಲ, ಅಳಿಸಲು ನೋಡುತ್ತಿರಲಿಲ್ಲ. ಸಂತೆಯಿಂದ ಬಂದವಳು ಅಲ್ಲಿ ಕಂಡದ್ದನ್ನು ಹೇಳಿದ ಹಾಗೆ ಓದುತ್ತಿದ್ದಳು. ಕಥೆಯಲ್ಲಿ ಯಾರಾದರೂ ಸುಳ್ಳು ಹೇಳುವಾಗ ಮಾತ್ರ ಸ್ವಲ್ಪ ನಿಧಾನ ಮಾಡುವಳು. ನಡುಮನೆಯಲ್ಲಿ ಶಾಮಣ್ಣನವರ ಲೇಖನಿಯ ಕರಕರ ಸದ್ದು ಆಗ ನಿಂತುಹೋಗುತ್ತಿತ್ತು. ದನಿ ಬಂದ ಮೇಲೂ ನಾನು ಪೀಠ ಕೇಳಲಿಲ್ಲ. ಉದಾರತನವಲ್ಲ, ಯಾರೂ ನನ್ನನ್ನು ಕರೆಯಲಿಲ್ಲ.

ಗಣೇಶನ ಹಬ್ಬ ಕಳೆದು, ಕೊನೆಯ ಅಧ್ಯಾಯ ಬಂತು. ಮದುವೆಯಾದ ಮೇಲೂ ಓದು ಬಿಡದ ವಿಮಲೆ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಊರು ಆಡಿಕೊಂಡಿತು. ಗಂಡನ ಮನೆಯವರು ಬಾಗಿಲು ಹಾಕಿಕೊಂಡರು. ಅವಳು ಒಂದು ಸಂಜೆ ಬಾವಿಯ ಕಡೆಗೆ ನಡೆದಳು. ನಾಗು ಅದನ್ನೂ ಅದೇ ದನಿಯಲ್ಲಿ ಓದಿ, ತಲೆಯೆತ್ತಿ, "ಮುಗೀತು" ಎಂದಳು.

ಸೂರಿನ ನೀರು ಕೆಳಗಿನ ಕಲ್ಲಿನ ಮೇಲೆ ಬೀಳುತ್ತಿತ್ತು. ನಡುಮನೆಯ ಬಾಗಿಲಿಗೆ ಶಾಮಣ್ಣನವರು ಬಂದು ನಿಂತರು. ಅಷ್ಟು ದಿನದಲ್ಲಿ ಮೊದಲ ಸಲ.

"ಕೇಳಿದ್ರಾ ಮೇಷ್ಟ್ರೇ? ನಾನು ಹೇಳಿದ್ದಲ್ಲ ಇದು. ಓದಿದೋರೇ ಬರೆದು, ಓದಿದೋರೇ ಅಚ್ಚು ಹಾಕಿಸಿರೋದು."

ನಾಗು ಅಪ್ಪನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಪುಸ್ತಕ ಮುಚ್ಚಲು ಕೈ ಹಾಕಿದಳು.

"ಮುಚ್ಚಬೇಡ" ಎಂದರು ವೆಂಕಜ್ಜಿ. "ಮುಂದೆ ಓದು."

"ಮುಂದೆ ಇಲ್ಲ, ಅಜ್ಜಿ."

"ಇಲ್ಲ ಅಂದ್ರೆ? ಹೆಣಾನ ಜಗಲಿ ಮೇಲೆ ಬಿಟ್ಟು ಪುಸ್ತಕ ಮುಚ್ತಾರೇನೇ?"

ಪುರಾಣ ಓದುವ ಮನೆಗಳಲ್ಲಿ ಇದೊಂದು ಕಟ್ಟುನಿಟ್ಟು. ಯುದ್ಧದಲ್ಲಿ ಯಾರಾದರೂ ಬಿದ್ದ ಕಡೆ ಆ ದಿನದ ಓದನ್ನು ನಿಲ್ಲಿಸುವ ಹಾಗಿಲ್ಲ. ಒಂದು ಹುಟ್ಟೋ ಮದುವೆಯೋ ಪಟ್ಟಾಭಿಷೇಕವೋ ಬರುವ ತನಕ, ಎಷ್ಟು ಹೊತ್ತಾದರೂ ಸರಿ, ಓದಬೇಕು. ಇಡೀ ಗ್ರಂಥ ಮುಗಿದಾಗಲಂತೂ ಮಂಗಳ ಹಾಡಿ, ಆರತಿ ಎತ್ತಿ, ಓದಿದವರಿಗೆ ಕಾಯಿ ತಾಂಬೂಲ ಕೊಡಬೇಕು. ಇಲ್ಲದಿದ್ದರೆ ಸಾವು ಅರ್ಧ ದಾರಿಯಲ್ಲಿ ನಿಂತು ಕೇಳಿದವರ ಮನೆ ಹೊಗುತ್ತದೆ. ಆ ನಿಯಮ ಅಚ್ಚಿನ ಕಾದಂಬರಿಗೂ ಸಲ್ಲುತ್ತದೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಆದರೆ ಪೀಠದ ಮೇಲೆ ಇಟ್ಟು ಕುಂಕುಮ ಹಚ್ಚಿದ ಮೇಲೆ ಅಜ್ಜಿಗೆ ಅದೂ ಗ್ರಂಥವೇ.

"ಬರೆದೋರು ಇಲ್ಲಿಗೇ ನಿಲ್ಲಿಸಿದಾರೆ ಅಜ್ಜಿ" ಎಂದೆ ಹೇಗೋ.

"ಅವರಿಗೆ ತಿಳೀಲಿಲ್ಲ ಅಂತ ನಾವೂ ಬಿಡೋದೇ?"

ಪುಸ್ತಕ ತೆರೆದೇ ಉಳಿಯಿತು. ಪ್ರತಿ ಮಧ್ಯಾಹ್ನ ಎಲ್ಲರೂ ಬರುತ್ತಿದ್ದರು, ಓದಲು ಏನೂ ಇಲ್ಲದ ಆ ಪುಸ್ತಕದ ಸುತ್ತ ಕೂರುತ್ತಿದ್ದರು, ಜಗಳವಾಡುತ್ತಿದ್ದರು. ಗಂಡನ ಮನೆಯವರು ಬಾಗಿಲು ಹಾಕಿದರೆ ಇವಳಿಗೆ ಬೇರೆ ಬಾಗಿಲು ಇರಲಿಲ್ಲವೇ? ಪತ್ರ ಓದಿ ಮಾವನನ್ನು ಓಡಿಸಿದವಳು ನೆರೆಯವರ ಮಾತಿಗೆ ಸಾಯುತ್ತಾಳೆಯೇ? ನನ್ನ ಸ್ಕೂಲಿನಲ್ಲಿ ಆ ವರ್ಷವೆಲ್ಲ ಕೇಳಿದ್ದಕ್ಕಿಂತ ಹೆಚ್ಚು ಪ್ರಶ್ನೆ ಆ ಜಗಲಿಯಲ್ಲಿ ಒಂದು ವಾರಕ್ಕೆ ಎದ್ದವು. ನನ್ನ ಚಿಂತೆ ಬೇರೆ. ರುದ್ರಪ್ಪ ಬಸ್ಸಿನ ಡ್ರೈವರನ ಕೈಯಲ್ಲಿ ಪುಸ್ತಕಕ್ಕೆ ಹೇಳಿ ಕಳಿಸುತ್ತಲೇ ಇದ್ದ. "ಇನ್ನೂ ಮಂಗಳ ಆಗಿಲ್ಲ ಅಂತ ಹೇಳಪ್ಪಾ" ಎಂದೆ. ಮಂಗಳವೆಂದರೆ ಗುಣವಾಗುವುದು ಎಂದುಕೊಂಡ ಡ್ರೈವರು, ಮನೆಯಲ್ಲಿ ಯಾರಿಗೋ ವಿಷಮಶೀತ ಜ್ವರವೆಂದು ತಿಳಿದು ಮುಖ ಚಿಕ್ಕದು ಮಾಡಿಕೊಂಡು ಹೋದ.

ಚೆನ್ನೇಗೌಡ ಬಹಳ ದಿನ ಸುಮ್ಮನಿದ್ದು ಒಂದು ಮಧ್ಯಾಹ್ನ ಬಾಯಿ ಬಿಟ್ಟ. "ನಮ್ ಸುತ್ತಮುತ್ತ ಎಷ್ಟು ಬಾವಿ ಐತೆ ಸ್ವಾಮಿ! ಬಿದ್ದೋರ್ನ ಎತ್ತಾಕೆ ನಾನೇ ಇಳಿದಿವ್ನಿ. ಓದಿದೋರು ಒಬ್ರೂ ಸಿಕ್ಕಿಲ್ಲ. ಸಿಕ್ಕಿದೋರೆಲ್ಲ ಅಕ್ಸರ ಬರ್ದೇ ಇದ್ದೋರೇಯ."

ಹೆಂಗಸರು ತಲೆ ತಗ್ಗಿಸಿದರು. ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಹೆಸರು ಇದ್ದಿರಬೇಕು.

"ಅದು ಬೇರೆ" ಎಂದರು ಒಳಗಿನಿಂದ ಶಾಮಣ್ಣನವರು. "ಇದು ಅಚ್ಚಾಗಿರೋದು."

ನವರಾತ್ರಿ ಬಂತು. ಸರಸ್ವತಿಯ ಪೂಜೆಗೆ ಪುಸ್ತಕಗಳನ್ನೆಲ್ಲ ಪೀಠದಲ್ಲಿ ಇಡಬೇಕು. ಪೀಠದ ಮೇಲೆ ವಿಮಲೆ ಇದ್ದಾಳೆ. ಹಿಂದಿನ ದಿನ ಅಜ್ಜಿ ಮಗನನ್ನು ಜಗಲಿಗೆ ಕರೆದು ಎಲ್ಲರ ನಡುವೆ ಕೂರಿಸಿದರು.

"ಶಾಮೂ, ಈ ಪುಸ್ತಕದಲ್ಲಿರೋದು ನಿಜವೋ ಸುಳ್ಳೋ?"

"ಅಚ್ಚಾಗಿದೆಯಲ್ಲಮ್ಮಾ."

"ನಿಜ ಅನ್ನು. ಹಾಗಾದ್ರೆ ಮನೇಲಿ ಅಮಂಗಳ ನಿಂತಿದೆ. ಓದಿದೋಳು ನಾಗು. ಮುಗಿಸಬೇಕಾದೋಳೂ ಅವಳೇ. ಇಲ್ಲಿನ ಅಕ್ಷರ ಮುಗಿದುಹೋಯ್ತು. ಮಿಕ್ಕಿದ್ದನ್ನ ಬೇಲೂರಿಂದ ತರಬೇಕು."

ಶಾಮಣ್ಣನವರು ಪೀಠದ ಮೇಲಿನ ಪುಸ್ತಕವನ್ನು ನೋಡಿದರು. "ಸರಿ, ಸುಳ್ಳು ಅಂತಲೇ ಇಟ್ಕೊಳ್ಳಮ್ಮಾ."

"ಇಟ್ಕೊಂಡೆ. ಸುಳ್ಳಾದ್ರೆ, ಮಗೂನ ತಡೆಯೋಕೆ ನಿನಗೆ ಬೇರೆ ಯಾವ ಕಾರಣ ಇದೆ?"

ಅವರು ಸಹಾಯಕ್ಕೆಂದು ನನ್ನ ಕಡೆ ನೋಡಿದರು. ನಾನು ಸೂರಿನ ಒಂದು ಹೆಂಚನ್ನು ನೋಡುತ್ತಿದ್ದೆ. ಅದರ ಮೇಲೆ ನನಗೆ ಮೊದಲಿನಿಂದಲೂ ಅನುಮಾನವಿತ್ತು.

"ಜಾತಕ..." ಎಂದರು.

"ಜಾತಕ ಎಲ್ಲಿಗೆ ಓಡತ್ತೆ? ಗ್ರಹಗಳೂ ಅಲ್ಲೇ ಇರ್ತವೆ."

ಶಾಮಣ್ಣನವರು ಮಗಳನ್ನು ನೋಡಿದರು. ಅವಳು ತುಟಿ ಕಚ್ಚಿಕೊಂಡು ಪುಸ್ತಕದ ಕಡೆಯ ಪುಟವನ್ನೇ ನೋಡುತ್ತಿದ್ದಳು. ಕಣ್ಣು ತುಂಬಿತ್ತು, ಸುರಿಯಗೊಟ್ಟಿರಲಿಲ್ಲ. 'ನೋಡೋಣ' ಬರುತ್ತದೆಂದು ನಾವೆಲ್ಲ ಕಾದೆವು. "ಅತ್ತೆ ಮನೇಲಿ ಚಳಿ ಜಾಸ್ತಿ. ಕಂಬಳಿ ತಗೊಂಡು ಹೋಗು" ಎಂದು ಹೇಳಿ ಅವರು ಒಳಗೆ ಎದ್ದುಹೋದರು.

ಅಜ್ಜಿ ಪುಸ್ತಕವನ್ನು ತೆರೆದಿದ್ದ ಹಾಗೆಯೇ ಎತ್ತಿ, ಪುಟಗಳ ನಡುವೆ ಒಂದು ತುಳಸಿ ದಳ ಇಟ್ಟು, ನನ್ನ ಕೈಗೆ ಕೊಟ್ಟರು. "ಮಂಗಳ ಆಗಿಲ್ಲ, ನಿಮಗೆ ಕಾಯಿ ತಾಂಬೂಲ ಈಗಿಲ್ಲ. ಆದ ದಿನ ಎಲ್ಲಿದ್ದರೂ ಕಳಿಸ್ತೀನಿ."

ರಜ ಕಳೆದು ನಾಗು ಹೊರಟ ಬೆಳಿಗ್ಗೆ ನಾನು ಡ್ರೈವರನನ್ನು ಬ್ರೇಕಿನ ವಿಚಾರ, ಚಕ್ರದ ವಿಚಾರ, ಯಗಚಿ ಹೊಳೆಯ ನೀರಿನ ವಿಚಾರ ಕೇಳಿದೆ. ಎರಡನೆಯ ಸಲ ಕೇಳುವಾಗ ನಾಗು ಕಂಬಳಿಯ ಗಂಟಿನ ಮೇಲೆ ಕೂತು ಹೇಳಿದಳು: "ಮೇಷ್ಟ್ರೇ, ನೀವೂ ಬಂದುಬಿಡಿ. ದಾರೀಲಿ ನಿಮ್ಮನ್ನ ನಾನು ನೋಡ್ಕೋತೀನಿ." ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅವಳನ್ನು ನಾನು ಕಂಡದ್ದು ಅದೇ ಕೊನೆ.

ಮುಂದಿನ ಮಳೆಗಾಲದ ಹೊತ್ತಿಗೆ ನನಗೆ ಅರಸೀಕೆರೆಗೆ ವರ್ಗವಾಯಿತು. ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಅದೇ ಡ್ರೈವರು ಸ್ಕೂಲಿನ ಬಾಗಿಲಿಗೆ ಬಂದು ಒಂದು ತೆಂಗಿನಕಾಯಿ, ಎಲೆ ಅಡಿಕೆ ಕೊಟ್ಟ. "ಹಳೇಬೀಡಿನ ಅಜ್ಜಿ ಕೊಟ್ರು. ಮಂಗಳ ಆಯ್ತು ಅಂತ ಹೇಳು ಅಂದ್ರು."

"ಯಾವ ಮಂಗಳ?"

"ಅಷ್ಟೇ ಸ್ವಾಮಿ ಹೇಳಿದ್ದು" ಎಂದು ಬಸ್ಸಿಗೆ ಓಡಿದ.

ಅಲ್ಲಿಂದ ಹಿಡಿಯಿತು ನನಗೆ ಚಿಂತೆ. ಮಂಗಳ ಎಂದರೆ ಕಥೆಗೆ ಮಂಗಳವೋ, ಮನೆಯಲ್ಲಿ ಮಂಗಳಕಾರ್ಯವೋ? ಓದು ಮುಗಿಸಿ ಬಂದಳೋ, ಓದು ಬಿಡಿಸಿ ಗೆಂಡೆಹಳ್ಳಿಗೆ ಕೊಟ್ಟರೋ? ಎರಡಕ್ಕೂ ಕಾಯಿ ತಾಂಬೂಲ ಕಳಿಸುವುದೇ ವಾಡಿಕೆ. ಹಳೇಬೀಡು ಅರ್ಧ ದಿನದ ದಾರಿ, ಹೋಗಿ ಕೇಳಬಹುದಾಗಿತ್ತು. ಕೇಳಿದರೆ ಗೊತ್ತಾಗಿಬಿಡುತ್ತಿತ್ತು. ಹೋಗಲಿಲ್ಲ. ಅಷ್ಟರಲ್ಲಿ ಬಡಗಣ ಸೀಮೆಗೆ ವರ್ಗವಾಗಿ ಅದೇ ಒಂದು ನೆಪವೂ ಆಯಿತು. ಊರೂರು ತಿರುಗಿ ಎಷ್ಟೋ ಹೆಣ್ಣುಮಕ್ಕಳಿಗೆ ಪಾಠ ಹೇಳಿದೆ. ಒಬ್ಬೊಬ್ಬಳು ಸ್ಕೂಲು ಬಿಟ್ಟಾಗಲೂ ತುಳಸಿ ದಳ ಇಟ್ಟ ಆ ಪುಟ ಕಣ್ಣ ಮುಂದೆ ತಾನಾಗಿ ತೆರೆದುಕೊಳ್ಳುತ್ತಿತ್ತು. ಆ ಜಗಲಿಗೆ, ಆ ಸೂರಿನ ನೀರಿನ ಸದ್ದಿಗೆ, ಸುಳ್ಳು ಬಂದ ಕಡೆ ನಿಧಾನವಾಗುವ ಆ ದನಿಗೆ ಎಷ್ಟು ಸಲ ಮನಸ್ಸು ಓಡಿತೋ!

ಹೋದ ತಿಂಗಳು, ಗಾಡಿ ಬಾರದ ಆ ಬೆಳಿಗ್ಗೆ, ಕೊಬ್ಬರಿಯ ಗಾಳಿ ಬೀಸಿದ ಮೇಲೆ ನಾನು ಎದ್ದು ಹೋಗಿ ಹಳೇಬೀಡಿನ ಬಸ್ಸು ಹತ್ತಿದೆ. ಬ್ರೇಕಿನ ವಿಚಾರ ಕೇಳಲಿಲ್ಲ. ಯುದ್ಧದಿಂದ ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು. ಜಾವಗಲ್ಲಿನಲ್ಲಿ ನಿಂತು ಒಲೆ ಕೆದಕಿಸಿಕೊಂಡು ಹೊರಟಿತು. ಕಲ್ಲಾನೆಗಳು ನಡೆಯುತ್ತಲೇ ಇದ್ದವು. ಕೆರೆಯ ದಾರಿಯ ಮನೆಗೆ ಬೀಗ. ಜಗಲಿಯ ಮೇಲೆ ಒಬ್ಬ ಮುದುಕ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಹೇಗೆ ಮಾತಾಡಿಸಲೆಂದು ತಿಳಿಯದೆ ಕೆಮ್ಮಿದೆ.

"ಯಾರದು? ನೆಗಡಿ ಮೇಷ್ಟ್ರಾ?"

ಚೆನ್ನೇಗೌಡ. ಕೆಳಗಿನ ಕಲ್ಲಿನ ಮೇಲಲ್ಲ, ಜಗಲಿಯ ಮೇಲೆ, ಕಂಬಕ್ಕೆ ಒರಗಿ ಕೂತಿದ್ದ. ವೆಂಕಜ್ಜಿ ಹೋಗಿ ಬಹಳ ವರ್ಷವಾಯಿತು. ಶಾಮಣ್ಣನವರು ಮಗಳ ಮನೆಯಲ್ಲಿದ್ದಾರೆ. ಬೀಗದ ಕೈ ಇವನ ಹತ್ತಿರ. ನಾನು ಅಷ್ಟು ವರ್ಷ ಹೊತ್ತ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. "ಅಜ್ಜಿ ನನಗೊಂದು ಕಾಯಿ ಕಳಿಸಿದ್ರಲ್ಲ ಗೌಡ್ರೇ. ಮಂಗಳ ಆಯ್ತು ಅಂತ. ಯಾವ ಮಂಗಳ ಅದು?"

"ಯಾವ್ದು ಅಂದ್ರೆ? ಕಥೇದೇಯ! ನಾಗವ್ವ ಬೇಲೂರ್ನಾಗೆ ಪಾಸು ಮಾಡ್ಕಂಡು ಬಂದ್ಲು. ಅಜ್ಜಿ ಆವತ್ತೇ ಪೀಠ ಇಡ್ಸಿ ಎಲ್ರನೂ ಕರೆಸಿದ್ರು. 'ತಂದಿದ್ದೀಯೇನೇ ಮಿಕ್ಕಿದ್ದನ್ನ? ಓದು' ಅಂದ್ರು. ಪುಸ್ತಕ ಇಲ್ಲ, ಏನೂ ಇ‌ಲ್ಲ. ಖಾಲಿ ಪೀಠ ನೋಡ್ಕಂಡು ಓದಿದ್ಲು ಸ್ವಾಮಿ. ಇಮಲೆ ಬಾವಿ ಮೆಟ್ಲು ಹತ್ತಿ ಬಂದ್ಲಂತೆ, ಸೆರಗು ಹಿಂಡಿಕಂಡ್ಲಂತೆ, ಪಕ್ಕದೂರಿಗೆ ಹೋಗಿ ಒಂದು ಮರದ ಕೆಳಗೆ ಮಕ್ಕಳ್ನ ಕೂಡಿಸ್ಕಂಡ್ಲಂತೆ. 'ಸತ್ತೋಳು ಹೆಂಗವ್ವ ಎದ್ದು ಬಂದ್ಲು?' ಅಂದೆ ನಾನು. 'ಸತ್ತಳು ಅಂದೋರು ಬರೆದೋರು. ಬಾವಿಗೆ ಇಳಿದು ನೋಡಿದೋರು ಯಾರು, ಗೌಡ್ರೇ?' ಅಂದ್ಲು. ನಾನೇನ್ ಹೇಳ್ಲಿ? ನಾನು ಇಳಿದೋನು. ಅಲ್ಲಿ ಇಮಲೆ ಇರ್ನಿಲ್ಲ."

"ಶಾಮಣ್ಣನೋರು?"

"ಅವ್ರಾ? ಅಚ್ಚಾಗಿಲ್ವಲ್ಲ ಇದು ಅಂದ್ರು. ಅಂದ್ಬುಟ್ಟು, ಒಳೀಕೆ ಹೋಗಿ ಗಂಟೆ ತಂದು ಅವ್ರೇ ಬಾರ್ಸಿದ್ರು."

ಆಮೇಲೆ ಮದುವೆಯೂ ಆಯಿತಂತೆ, ಗೆಂಡೆಹಳ್ಳಿಗೇ. ಅಲ್ಲಿ ಈಗ ಹೆಣ್ಣುಮಕ್ಕಳ ಸ್ಕೂಲಿದೆಯಂತೆ, ಅವಳೇ ಮೇಷ್ಟ್ರಮ್ಮನಂತೆ. ಹೆದರಿದ ಮಂಗಳ, ಹಾರೈಸಿದ ಮಂಗಳ ಎರಡೂ ಆಗಿತ್ತು. ನಾನು ಒಂದಕ್ಕೂ ಇರಲಿಲ್ಲ. ಅಷ್ಟು ವರ್ಷ ಸಾಕಿದ ಚಿಂತೆ ಒಮ್ಮೆಗೇ ಹೊರಟುಹೋದರೆ ಮನೆಯಲ್ಲಿ ಯಾರೋ ಇಲ್ಲದ ಹಾಗಾಗುತ್ತದೆ. ಅವನ ಪಕ್ಕದಲ್ಲಿ, ಪೀಠವಿರುತ್ತಿದ್ದ ಜಾಗದ ಎದುರು, ಕೂತೆ. ಮೋಡ ಕವಿದು ಸೂರಿನಿಂದ ಮೊದಲ ಹನಿಗಳು ಕೆಳಗಿನ ಕಲ್ಲಿನ ಮೇಲೆ ಬಿದ್ದವು.

"ಸ್ವಾಮಿ" ಎಂದ ಚೆನ್ನೇಗೌಡ, ಕಾಲು ಒಳಕ್ಕೆ ಎಳೆದುಕೊಂಡು. "ಆ ಪುಸ್ತಕ ಬರ್ದೋರ್ಗೆ ಯಾರಾದ್ರೂ ಹೇಳಿದ್ರಾ?"

"ಏನನ್ನ?"

"ಆಯಮ್ಮ ಬದುಕವ್ಳೆ ಅಂತ. ಪಾಪ, ಅವ್ರು ಇನ್ನೂ ಸತ್ತೋದ್ಲು ಅಂತ್ಲೇ ತಿಳ್ಕಂಡಿರ್ತಾರೆ."